ಐದು ಮುದುಕರ ಬಿಮಾ

ಹೋದ ವರ್ಷ ಪಂಚಮಿಗೆ ಇನ್ನೂ ಇಪ್ಪತ್ತು ದಿನ ಇರುವಾಗ ನನಗೆ ಮೋಟಾರು ನಡೆಸುವ ಲೈಸನ್ಸ್ ಸಿಕ್ಕಿತು. ಆಳಂದದಲ್ಲಿ ಹದಿನೆಂಟನೇ ವರ್ಷಕ್ಕೇ ಲೈಸನ್ಸ್ ಪಡೆದವರಲ್ಲಿ ನಾನೇ ಮೊದಲಿಗ ಎಂದು ಓಣಿ ಓಣಿ ಹೇಳಿಕೊಂಡು ತಿರುಗಿದೆ. ಎರಡನೆಯವನು ಇನ್ನೂ ಯಾರೂ ಇಲ್ಲದ್ದರಿಂದ ಆ ಮಾತು ಸುಳ್ಳಲ್ಲ. ಲೈಸನ್ಸ್ ಹೇಗೆ ಸಿಕ್ಕಿತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಪರೀಕ್ಷೆಯ ದಿನ ಕಲಬುರ್ಗಿಯ ಸಾಹೇಬರಿಗೆ ಚಹಾ ಬೇಕಾಗಿತ್ತು. ಕಚೇರಿಯಿಂದ ಚಹಾದಂಗಡಿಗೆ ದಾರಿ ನೆಟ್ಟಗಿತ್ತು. ನಾನು ಅವರನ್ನು ಕೂರಿಸಿಕೊಂಡು ನೆಟ್ಟಗೆ ಹೋದೆ, ನೆಟ್ಟಗೆ ನಿಲ್ಲಿಸಿದೆ. ಅವರು ಎರಡು ಕಪ್ ಚಹಾ ಕುಡಿದು, ಅಲ್ಲೇ ಸಹಿ ಹಾಕಿ, ನಡೆದುಕೊಂಡು ಕಚೇರಿಗೆ ಹೋದರು. ಹೀಗಾಗಿ ಕಾರನ್ನು ಹಿಂದಕ್ಕೆ ತೆಗೆಯುವುದು ನನಗೆ ಬರುತ್ತದೋ ಇಲ್ಲವೋ ಎಂಬುದು ಸರ್ಕಾರಕ್ಕೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಬರುತ್ತಿರಲಿಲ್ಲ.

ಅದೇ ಸಂಜೆ ಅಕ್ಕನಿಗೆ ಕಾಗದ ಬರೆದೆ. ಅಕ್ಕನನ್ನು ಅಫಜಲಪುರದ ಆಚೆಗಿನ ಕರಜಗಿಗೆ ಕೊಟ್ಟಿದ್ದರು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ಅಣ್ಣತಮ್ಮಂದಿರ ಕೆಲಸ. ಅದರ ಹಿಂದಿನ ವರ್ಷ ನಾನು ಬಂಡಿ ಕಟ್ಟಿಕೊಂಡು ಹೋದಾಗ ದಾರಿಯಲ್ಲಿ ಅಚ್ಚು ಮುರಿದು, ನಾನು ಕರಜಗಿ ಮುಟ್ಟುವ ಹೊತ್ತಿಗೆ ಹಬ್ಬ ಮುಗಿದು ಜೋಕಾಲಿಯ ಹಗ್ಗ ಬಿಚ್ಚುತ್ತಿದ್ದರು. ಅವಳ ಅತ್ತೆ ಕಳಿಸಲಿಲ್ಲ. "ನಿನ್ನ ತವರಿನವರಿಗಿ ನೀ ನೆನಪಾಗಬೇಕಾದ್ರ ಒಂದು ವರ್ಷ ಬೇಕು" ಎಂದು ವರ್ಷಪೂರ್ತಿ ಆಡಿಕೊಂಡಳು. ಅದಕ್ಕೇ ನಾನು ಬರೆದೆ: ಈ ಸಲ ಮೋಟಾರಿನಲ್ಲಿ ಬರುತ್ತೇನೆ, ನಾಗರ ಚವತಿಯ ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ಹಾರ್ನ್ ಕೇಳಿಸುತ್ತದೆ, ಬಾಗಿಲಲ್ಲಿ ನಿಂತಿರು, ಎತ್ತುಗಳನ್ನು ಒಳಗೆ ಕಟ್ಟಿಸು, ಬೆದರಿಯಾವು.

ಅಕ್ಕನಿಗೆ ಓದಲು ಬರುವುದಿಲ್ಲ. ಟಪಾಲಿನವನು ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಓದಿ ಹೇಳಿದ. ಅಂದರೆ ನಾನು ಕಾಗದ ಬರೆದದ್ದು ಅಕ್ಕನಿಗಲ್ಲ, ಕರಜಗಿಗೆ.

ಇನ್ನು ಮೋಟಾರು. ಅದು ನನ್ನದಲ್ಲ, ಕಾಕಾನದು. ತೊಗರಿ ವ್ಯಾಪಾರದ ಕಾಕಾ ಅದನ್ನು ಜೇವರ್ಗಿ ಕಡೆಯ ಒಬ್ಬ ಗೌಡರಿಂದ ಅಗ್ಗಕ್ಕೆ ಕೊಂಡಿದ್ದ. ಗೌಡರ ಹತ್ತಿರ ಇದ್ದಾಗ ಆ ಕಾರು ಒಂದು ಎಮ್ಮೆ, ಒಂದು ಕಣಿಕೆಯ ಬಣವೆ ಮತ್ತು ಒಬ್ಬ ಸರ್ಕಾರಿ ಸಾಹೇಬರ ಸೈಕಲ್ಲಿಗೆ ಬಡಿದಿತ್ತು. ಎಮ್ಮೆ ಎದ್ದು ಹೋಯಿತು, ಬಣವೆ ಮತ್ತೆ ಒಟ್ಟಿದರು, ಸಾಹೇಬರು ಮಾತ್ರ ಗೌಡರನ್ನು ಆರು ತಿಂಗಳು ಅಲೆದಾಡಿಸಿದರು. ಈ ಕಥೆಯೆಲ್ಲ ಕೇಳಿಯೇ ಕೊಂಡಿದ್ದ ಕಾಕಾ, ನಾನು ಕೀಲಿ ಕೇಳಿದಾಗ ಅದನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಸೊಲ್ಲಾಪುರದಾಗ ಬಿಮಾ ಅಂತ ಒಂದು ಮಾಡಿ ಕೊಡ್ತಾರಂತ. ಗಾಡಿ ಎಲ್ಲಿ ಬಡಿದ್ರೂ ಅವರ ಹೊಣಿ. ಅದನ್ನ ತಗೊಂಡು ಬಾ, ಕೀಲಿ ತಗೊಂಡು ಹೋಗು."

"ನಾ ಎಲ್ಲಿ ಬಡಿತೀನಿ ಕಾಕಾ?"

"ಅದು ಗೊತ್ತಿದ್ರ ಅಲ್ಲಿ ನಿಂತು ಕಾಯ್ತಿದ್ದೆ" ಎಂದ ಕಾಕಾ.

ಸರ್ವೀಸ್ ಮೋಟಾರು ಹತ್ತಿ ಸೊಲ್ಲಾಪುರಕ್ಕೆ ಹೋದೆ. ಅಲ್ಲಿ ಸ್ವರಾಜ್ಯ ಬಂದು ಒಂದೇ ದಿನವಾಗಿತ್ತು. ಅಂಗಡಿ ಅಂಗಡಿಗೂ ತೋರಣ, ಬಾವುಟ. ನಮ್ಮ ಆಳಂದ ಇನ್ನೂ ನಿಜಾಮರ ಕೈಯಲ್ಲೇ ಇತ್ತು. ಬೆಳಿಗ್ಗೆ ಒಂದು ರಾಜ್ಯದಲ್ಲಿ ಚಹಾ ಕುಡಿದು ಮಧ್ಯಾಹ್ನ ಇನ್ನೊಂದು ರಾಜ್ಯದಲ್ಲಿ ಉಂಡ ಗತ್ತಿನಲ್ಲಿ ನಾನು ಬಿಮಾ ಏಜೆಂಟರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತೆ. ಕರಿ ಟೊಪ್ಪಿಗೆಯ, ಮೆತ್ತಗಿನ ಮಾತಿನ ಮನುಷ್ಯ. ಪೆನ್ಸಿಲ್ ಕಿವಿಯಿಂದ ತೆಗೆದು ಕೇಳಿದ.

"ವಯಸ್ಸು?"

"ಹದಿನೆಂಟು. ನೋಡಿದವರು ಇಪ್ಪತ್ತೈದು ಅಂತಾರ್ರಿ."

ಅವನು ನನ್ನ ಮೀಸೆಯ ಜಾಗ ನೋಡಿ ಏನೋ ಬರೆದ. "ಗಾಡಿ ನಡಸಾಕತ್ತಿ ಎಷ್ಟು ದಿವಸ ಆತು?"

"ಲೈಸನ್ಸ್ ಬಂದು ಹದಿನೈದು ದಿವಸ. ಆದ್ರ ಕೈ ಪಳಗೇದ. ಸರ್ವೀಸ್ ಮೋಟಾರನ್ನೂ ಹಿಂದ ಹಾಕ್ತೇನಿ."

ಅವನು ಬರೆದದ್ದನ್ನು ಹೊಡೆದು ಮೇಲೆ ಮತ್ತೊಂದು ಬರೆದ. "ರಾತ್ರಿ ನಡಸ್ತಿ ಏನು?"

"ದೀಪ ಇಲ್ಲದೇನ ನಡಸ್ತೇನಿ" ಎಂದೆ. ನಿಜವಾಗಿ ಕಾರಿಗೆ ದೀಪವೇ ಇರಲಿಲ್ಲ. ಕತ್ತಲಾದ ಮೇಲೆ ನಾನು ಅದರ ಹತ್ತಿರವೂ ಹೋದವನಲ್ಲ.

ಅವನು ಮತ್ತೆ ಹೊಡೆದು ಮತ್ತೆ ಬರೆದ. ನನಗೆ ಖುಷಿಯಾಯಿತು. ನನ್ನ ಪರಾಕ್ರಮಕ್ಕೆ ಅವನು ಮಾರ್ಕು ಹಾಕುತ್ತಿದ್ದಾನೆ ಎಂದೇ ನಾನು ತಿಳಿದದ್ದು. ಕರಜಗಿಯ ದಾರಿಯಲ್ಲಿ ಹಳ್ಳ ತುಂಬಿದರೆ ಹಾರಿಸಿಕೊಂಡು ಹೋಗುತ್ತೇನೆ ಎಂದೂ ಸೇರಿಸಿದೆ. ಕೊನೆಗೆ ಅವನು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಅಷ್ಟು ರೊಕ್ಕಕ್ಕೆ ಒಂದು ಜೋಡಿ ಒಳ್ಳೆಯ ಎತ್ತು ಬರುತ್ತಿತ್ತು, ಬಂಡಿಯೂ ಬರುತ್ತಿತ್ತು.

"ಇಷ್ಟ್ಯಾಕ್ರಿ?"

"ನೀ ಸುಮ್ಮ ಕುಂತಿದ್ರ ಇದರ ಅರ್ಧ ಆಗ್ತಿತ್ತು ತಮ್ಮಾ. ಇನ್ನೊಂದು ಮಾತು ಆಡಿದ್ರ ಕಾರಿಗಿಂತ ಬಿಮಾ ತುಟ್ಟಿ ಆಗ್ತದ. ಮತ್ತ ಇದು ನಮ್ಮ ರೂಪಾಯಿದಾಗ, ನಿಮ್ಮ ನಿಜಾಮರ ರೂಪಾಯಿ ಇಲ್ಲಿ ನಡಿಯಂಗಿಲ್ಲ."

"ಏನೂ ಬರಂಗಿಲ್ರಿ ನನಗ. ಈಗ ನೋಡಿ ಬರೀರಿ" ಎಂದೆ.

ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿದ. "ಅದು ಇನ್ನೂ ತುಟ್ಟಿ."

ಬರಿಗೈಯಲ್ಲಿ ಆಳಂದಕ್ಕೆ ಬಂದೆ. ಚವತಿಗೆ ನಾಲ್ಕೇ ದಿನ. ಅಕ್ಕ ಆಗಲೇ ಟ್ರಂಕಿನಲ್ಲಿ ಸೀರೆ ಮಡಿಚಿಟ್ಟಿರುತ್ತಾಳೆ, ಅತ್ತೆ ಆಗಲೇ ನಗಲು ಬಾಯಿ ಅರ್ಧ ತೆರೆದಿಟ್ಟಿರುತ್ತಾಳೆ ಎಂದು ನೆನೆದು ನನಗೆ ರೊಟ್ಟಿ ಇಳಿಯಲಿಲ್ಲ. ಮೂರೇ ರೊಟ್ಟಿ ತಿಂದೆ. ಕಾಕಾ ಎದುರಿಗೆ ಕೂತು ಸಮಾಧಾನವಾಗಿ ಕೇಳಿದ.

"ಬಿಮಾ ಅಂದ್ರ ಖರೇ ಏನದು? ತಿಳಿಯೋ ಹಂಗ ಹೇಳು."

"ನಾ ಏನರ ನುಕ್ಸಾನ ಮಾಡಿದ್ರ, ಮತ್ತೊಬ್ಬರು ಹೊಣಿ ಹೊರೋದು."

ಕಾಕಾ ಕೈ ತೊಳೆದುಕೊಂಡು ಜೋರಾಗಿ ನಕ್ಕ. "ಲೇ ಖೋಡಿ, ಅದು ಜಾಮೀನು. ಅದಕ್ಕ ಸೊಲ್ಲಾಪುರಕ್ಕ ಯಾಕ ಹೋಗಬೇಕಿತ್ತು? ಜೀತದಾಳು ಇಟ್ಟುಕೊಳ್ಳೋ ಮುಂದ ತಗೊಳಂಗಿಲ್ಲೇನು? ಊರಾಗಿನ ಐದು ಮಂದಿ ಹಿರ್ಯಾರು 'ಈ ಹುಡುಗನ ಹೊಣಿ ನಮ್ಮದು' ಅಂತ ಬರಕೊಡ್ಲಿ. ಕೀಲಿ ನಿಂದು."

ಪುಕ್ಕಟೆ ಬಿಮಾ. ಸೊಲ್ಲಾಪುರದ ಏಜೆಂಟನಿಗೆ ಈ ಬುದ್ಧಿ ಯಾಕೆ ಹೊಳೆಯಲಿಲ್ಲವೋ ಎಂದು ಮರುಕಪಟ್ಟೆ.

ಮೊದಲು ಅವ್ವನ ಅಪ್ಪ, ನಮ್ಮ ಮುತ್ಯಾ. ಅವನಿಗೆ ಕಿವಿ ದೂರ. ಏನಕ್ಕೆ ಎಂದು ಕೇಳದೆ ಹೆಬ್ಬೆಟ್ಟು ಒತ್ತಿದ. ಎರಡನೆಯವನು ಎತ್ತಿನ ದಲ್ಲಾಲ. ಅವನು ಕಾರಿನ ಸುತ್ತ ಮೂರು ಸುತ್ತು ಬಂದು, ಬಾನೆಟ್ಟು ಸವರಿ, ಹಿಂದಿನ ಚಕ್ರದ ಹತ್ತಿರ ಕೂತು, "ಕೆಟ್ಟ ಸುಳಿ ಏನೂ ಇಲ್ಲ. ಆದ್ರ ಹಲ್ಲು ಉದುರ್ಯಾವ, ಮುದಿ ದನ ಅದ" ಎಂದು ಸಹಿ ಹಾಕಿದ. ಮೂರನೆಯ ಮತ್ತು ನಾಲ್ಕನೆಯವರು ಗಾಣದ ಅಣ್ಣತಮ್ಮಂದಿರು. ಒಂದು ಬೇವಿನ ಮರದ ಸಲುವಾಗಿ ಹನ್ನೆರಡು ವರ್ಷದಿಂದ ಮಾತು ಬಿಟ್ಟವರು. ಅಣ್ಣ ಹಾಕಿದ್ದಾನೆಂದು ತಮ್ಮನಿಗೆ ಹೇಳಿದೆ, ತಮ್ಮ ಹಾಕಿದ್ದಾನೆಂದು ಅಣ್ಣನಿಗೆ ಹೇಳಿದೆ, ಇಬ್ಬರೂ ಹಾಕಿದರು. ಐದನೆಯವರು ಉರ್ದು ಮಾಸ್ತರರು, ನನ್ನನ್ನು ಎರಡು ಸಲ ನಪಾಸು ಮಾಡಿದವರು. ಅವರೇ ಕಾಗದವನ್ನು ಕೋರ್ಟಿಗೆ ಒಪ್ಪುವಂಥ ಉರ್ದುವಿನಲ್ಲಿ ಬರೆದರು. ನಾನು ಓದಲಾರದೆ ತಲೆಯಾಡಿಸಿದೆ.

ಚವತಿಯ ಹಿಂದಿನ ದಿನ ಬೆಳಿಗ್ಗೆ ಕೀಲಿ ಹಿಡಿದು ಬಂದರೆ ಐವರೂ ಕಾರಿನಲ್ಲಿ ಕೂತಿದ್ದಾರೆ. ಬುತ್ತಿ ಕಟ್ಟಿಕೊಂಡು, ಕೊಡೆ ಹಿಡಿದುಕೊಂಡು.

"ಇದೇನ್ರಿ ಮಾಸ್ತರ?"

"ಕಾಗದದಾಗ ಬರದದಲ್ಲೋ" ಎಂದರು ಮಾಸ್ತರರು. "ಜಾಮೀನು ನಿಂತವರು ಆಸಾಮಿನ ಕಣ್ಣ ಮುಂದ ಇಟ್ಟುಕೋಬೇಕು. ನೀ ಓಡಿ ಹೋದ್ರ ಯಾರ್ನ ಹಿಡಿಯೂದು?"

ಐವರಲ್ಲಿ ಒಬ್ಬರೂ ಅದುವರೆಗೆ ಕಾರಿನಲ್ಲಿ ಕೂತವರಲ್ಲ ಎಂಬುದು ನನಗೆ ಆಗ ಹೊಳೆಯಿತು.

ಮುತ್ಯಾ ಮುಂದೆ ಕೂತ. ಹಿಂದೆ ಮಾಸ್ತರರು ನಡುವೆ, ಗಾಣದ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ದಲ್ಲಾಲ ಬಾಗಿಲ ಕೆಳಗಿನ ಪಾವಟಿಗೆಯ ಮೇಲೆ ಹೊರಗೆ ನಿಂತ. ದನ ಕಂಡರೆ ಮೊದಲೇ ಹೇಳುತ್ತಾನಂತೆ. ಹೇಳಿದ. ಆಳಂದದಿಂದ ಅಫಜಲಪುರದವರೆಗೆ ಕಂಡ ಪ್ರತಿ ದನಕ್ಕೂ "ನಿಲ್ಲಸು" ಎಂದ. ನಿಲ್ಲಿಸಿ, ಎಂಜಿನ್ ಆರಿಸಿ, ದನ ದಾಟಿದ ಮೇಲೆ ಇಳಿದು ಹ್ಯಾಂಡಲ್ ತಿರುವಿ ಮತ್ತೆ ಹೊರಡಬೇಕು. ಒಂದು ಕುರಿ ಹಿಂಡು ದಾಟುವಷ್ಟರಲ್ಲಿ ಮುತ್ಯಾ ನಿದ್ದೆ ಮಾಡಿ ಎದ್ದ. ಸರ್ವೀಸ್ ಮೋಟಾರನ್ನು ಹಿಂದೆ ಹಾಕುವ ಗಂಡು ನಾನು. ನಮ್ಮನ್ನು ಎರಡು ಜೋಳದ ಬಂಡಿ, ಒಂದು ಕತ್ತೆ ಮತ್ತು ಘತ್ತರಗಿಗೆ ನಡೆದು ಹೊರಟ ನಾಲ್ಕು ಮಂದಿ ಹೆಣ್ಣುಮಕ್ಕಳು ದಾಟಿ ಹೋದರು. ಅವರಲ್ಲೊಬ್ಬಳು ಕೇಳಿದಳು, "ಯಾರಿಗರ ಆರಾಮಿಲ್ಲೇನ್ರಿ?"

ಒಳಗೆ ಬೇರೆ ನಾಟಕ. "ತಮ್ಮಾ, ಅವಗ ಹೇಳು, ಮೊಣಕಾಲು ಸರಸು ಅಂತ" ಎಂದು ಅಣ್ಣ ನನಗೆ ಹೇಳುತ್ತಿದ್ದ. "ಅವಗ ಹೇಳು, ಕಾಲು ಹುಟ್ಟಿದಾಗಿಂದ ಇಷ್ಟೇ ಉದ್ದ ಅವ ಅಂತ" ಎಂದು ತಮ್ಮ. ನಡುವೆ ಕೂತ ಮಾಸ್ತರರು ಕೊಡೆಯನ್ನು ಗಡಿಗಲ್ಲಿನ ಹಾಗೆ ನೆಟ್ಟುಕೊಂಡಿದ್ದರು.

ಅಫಜಲಪುರ ದಾಟಿದ ಮೇಲೆ ಜಿನುಗು ಮಳೆ ಹಿಡಿಯಿತು. ಎರೆಮಣ್ಣು ಚಕ್ರಕ್ಕೆ ಹತ್ತಿ ಹತ್ತಿ ಕಾರು ಕೆಸರು ಮೆತ್ತಿದ ನಾಲ್ಕು ಕೆರ ಮೆಟ್ಟಿದ ಹಾಗೆ ಭಾರವಾಗಿ ನಿಂತುಬಿಟ್ಟಿತು. ಐವರೂ ಇಳಿದು ಧೋತರ ಎತ್ತಿ ಕಟ್ಟಿ ನೂಕಿದರು. ನಾನು ಒಳಗೆ ಕೂತು ಹುರುಪು ತುಂಬಲು ಹಾರ್ನ್ ಹೊಡೆದೆ. "ಅದನ್ನ ಇನ್ನೊಮ್ಮಿ ಹೊಡದ್ರ ನಿನ್ನ ಹೊಡಿತೀನಿ" ಎಂದ ದಲ್ಲಾಲ. ಚಕ್ರ ಮಣ್ಣಿನಿಂದ ಕಿತ್ತು ಬಂದಾಗ ಐವರ ಮೈಮೇಲೆ ಧೋತರ ಯಾವುದು, ಮೈ ಯಾವುದು ತಿಳಿಯದಂತಾಗಿತ್ತು.

ಹೊತ್ತು ಮುಳುಗಲು ಒಂದು ಮಾರು ಇರುವಾಗ ಕರಜಗಿ ಮುಟ್ಟಿದೆವು. ಇಡೀ ಊರು ಹೊರಗಿತ್ತು. ಕಾಗದದ ಪ್ರಕಾರ ಎತ್ತುಗಳನ್ನೆಲ್ಲ ಒಳಗೆ ಕಟ್ಟಿದ್ದರು. ಅಕ್ಕ ಬಾಗಿಲಲ್ಲಿ ಟ್ರಂಕಿನ ಪಕ್ಕ ನಿಂತಿದ್ದಳು. ಬೆಳಿಗ್ಗೆಯಿಂದ ನಿಂತಿದ್ದಳೆಂದು ಆಮೇಲೆ ತಿಳಿಯಿತು. ನಾನು ಇಳಿದು ಕ್ರಾಪು ಸವರಿಕೊಂಡೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಐದು ಮಂದಿ ಮಣ್ಣಿನ ಮುದುಕರು ಇಳಿದರು.

ಅತ್ತೆ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಇದು ಮೋಟಾರೋ, ಪಂಚಾಯತೋ?"

ಮಾಸ್ತರರು ಹೆಮ್ಮೆಯಿಂದ ಕಾಗದ ಬಿಚ್ಚಿ, ತಾವೆಲ್ಲ ಈ ಹುಡುಗನಿಗೆ ಜಾಮೀನು ನಿಂತವರು, ಅದಕ್ಕೇ ಗಾಡಿಯಲ್ಲಿ ಜೊತೆಗೆ ಕೂತು ಬಂದವರು ಎಂದು ವಿವರಿಸಿದರು. ಅವರು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಅತ್ತೆಯ ಮುಖ ಬಿಗಿಯಿತು.

"ಕಳ್ಳಗ ಇಬ್ಬರು ಜಾಮೀನು ಸಾಕು. ಐದು ಮಂದಿ ಜಾಮೀನು ಬೇಕಾದವನ ಕೈಯಾಗ ನನ್ನ ಸೊಸಿನ ಹ್ಯಾಂಗ ಕೊಡ್ಲಿ? ಮತ್ತ ಆಕಿ ಎಲ್ಲಿ ಕೂಡಬೇಕು, ನಿಮ್ಮ ತೊಡಿ ಮ್ಯಾಲ?"

ನಾನು ಹಾರ್ನಿಗೆ ಹತ್ತಿದ ಮಣ್ಣು ಒರೆಸತೊಡಗಿದೆ. ಅಕ್ಕ ಟ್ರಂಕಿನ ಹಿಡಿಕೆಯನ್ನು ಬಿಟ್ಟಳು, ಮತ್ತೆ ಹಿಡಿದಳು. ಎರಡನೇ ವರ್ಷವೂ ಜೋಕಾಲಿ ಇಲ್ಲ ಎಂದು ಅವಳ ಮುಖ ಓದಿಕೊಂಡಿತ್ತು. ಆ ಓದು ಅವಳಿಗೆ ಬರುತ್ತಿತ್ತು. ಆಮೇಲೆ ಅವಳು ಅತ್ತೆಯ ಹತ್ತಿರ ಹೋಗಿ ಮೆತ್ತಗೆ ಹೇಳಿದಳು.

"ಅತ್ತಿ, ನೀವ ಜಾಮೀನು ನಿಲ್ರಿ. ಜಾಮೀನು ನಿಂತವರು ಗಾಡ್ಯಾಗ ಕೂಡ್ಲೇಬೇಕಂತ, ಕಾಗದದಾಗ ಅದ."

ಅತ್ತೆ ಕಾರನ್ನು ನೋಡಿದಳು. ಕಟ್ಟೆಯ ಮೇಲೆ ನೆರೆದ ಊರನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು. "ಹಿರ್ಯಾರು ದಣದಾರ. ಉಂಡು, ನಮ್ಮ ಬಂಡ್ಯಾಗ ಬೆಳಗಿನ ಜಾವ ಬರ್ಲಿ" ಎಂದು ಒಳಗೆ ಹೋಗಿ ಹೊಸ ಇಳಕಲ್ ಸೀರೆ ಉಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತಳು.

ಈಗ ಕಾರನ್ನು ತಿರುಗಿಸಬೇಕು. ಹಿಂದಕ್ಕೆ ತೆಗೆಯಲು ಬಾರದ ನಾನು ನೆಟ್ಟಗೇ ಹೊರಟೆ. ಊರ ಹೆಬ್ಬಾಗಿಲು, ಅಗಸಿ, ಹಿಂದಿತ್ತು, ಕಾರು ಮುಂದೆ ಹೊರಟಿತ್ತು. ಗೌಡರ ಓಣಿ, ಬಾವಿ, ಗುಡಿ, ಕಬ್ಬಿನ ಗಾಣ, ಟಪಾಲಿನವನ ಮನೆ, ಹೀಗೆ ಇಡೀ ಕರಜಗಿಯನ್ನು ಒಂದು ಸುತ್ತು ಹಾಕಿ ಅಗಸಿಗೆ ಬರಬೇಕಾಯಿತು. ಅತ್ತೆ ಎರಡೂ ಕಡೆ ತಲೆಯಾಡಿಸುತ್ತ, ತನ್ನೊಂದಿಗೆ ಜಗಳವಿದ್ದ ಮನೆಗಳ ಮುಂದೆ ಮಾತ್ರ "ಸಾವಕಾಶ ಹೋಗು" ಎನ್ನುತ್ತಿದ್ದಳು. ಅಗಸಿ ಬಂದಾಗ "ಸಾಕು, ನಿಲ್ಲಸು" ಎಂದು ಇಳಿದಳು.

"ಹುಡುಗಗ ಹಿರ್ಯಾರ ಮರ್ಯಾದಿ ಗೊತ್ತದ. ಹೇಳದೇನ ಊರೆಲ್ಲಾ ತಿರಗಿಸಿದ" ಎಂದು ಸೊಸೆಗೆ ಹೇಳಿ, "ಪಂಚಮಿ ಮುಗದು ಎಂಟು ದಿವಸ ಇದ್ದು ಬಾ" ಎಂದು, ನಡೆದುಕೊಂಡು ಊರೊಳಗೆ ಹೋದಳು. ಹೋಗುವಾಗಲೂ ಅವೇ ಮನೆಗಳ ಮುಂದೆ ಸಾವಕಾಶ.

ಅಕ್ಕ ಹಿಂದಿನ ಸೀಟಿನಿಂದ ಇಳಿದು ಮುಂದೆ ಬಂದು ಕೂತಳು. ಊರು ಮರೆಯಾದ ಮೇಲೆ ಕೇಳಿದಳು. "ನಿನಗ ಹಿಂದಕ ಒಯ್ಯಾಕ ಬರಂಗಿಲ್ಲ, ಹೌದಿಲ್ಲೋ?"

"ಬರ್ತದ. ನಿಮ್ಮ ಅತ್ತಿಗಿ ಊರು ತೋರಸಬೇಕಿತ್ತು."

ಎರಡು ಹರದಾರಿ ಹೋಗುವಷ್ಟರಲ್ಲಿ ಕತ್ತಲಾಗಿ, ದೀಪವಿಲ್ಲದ ಕಾರು ಅದೇ ಎರೆಮಣ್ಣಿನಲ್ಲಿ ಮತ್ತೆ ಹೂತು ನಿಂತಿತು. ಆ ದಾರಿಯ ಹೊಲದವರ ಮನೆಯಲ್ಲಿ ತಂಗಿದೆವು. ಹೊತ್ತು ಮೂಡುವಾಗ ಕರಜಗಿಯ ಬಂಡಿ ಬಂತು. ಐವರು ಜಾಮೀನುದಾರರೂ ಅದರಲ್ಲಿ ಸಾಲಾಗಿ ಕೂತು ಗುಗ್ಗರಿ ತಿನ್ನುತ್ತಿದ್ದರು. ದಲ್ಲಾಲ ಇಳಿದು, ಬಂಡಿಯ ಹಿಂಭಾಗಕ್ಕೆ ಹಗ್ಗ ಕಟ್ಟಿ ಕಾರಿಗೆ ಬಿಗಿದ. ಹಾಗೆ ಚವತಿಯ ದಿನ ಬಂಡಿ ಮುಂದೆ, ಕಾರು ಹಿಂದೆ, ನಾವು ಆಳಂದಕ್ಕೆ ಬಂದೆವು. ನಾನು ಗತ್ತು ಬಿಡದೆ ಸ್ಟಿಯರಿಂಗ್ ತಿರುವುತ್ತಿದ್ದೆ. ಅಕ್ಕ ಹಾರ್ನ್ ಹೊಡೆಯುತ್ತಿದ್ದಳು.

ಕಾಕಾ ಅಂಗಡಿಯಿಂದ ಇಳಿದು ಬಂದು ಕಾರಿನ ಸುತ್ತ ನೋಡಿದ. "ಏನರ ನುಕ್ಸಾನ ಆತೇನು?"

"ಏನೂ ಇಲ್ಲ" ಎಂದ ದಲ್ಲಾಲ. "ಎತ್ತಿಗಿ ನೀರು ಕುಡಸ್ರಿ."

ಅಕ್ಕ ಟ್ರಂಕು ಇಳಿಸಿಕೊಂಡು, ಜೋಕಾಲಿ ಕಟ್ಟಿದ ಗಿಡದ ಕಡೆ ನೋಡಿ, ನನ್ನ ಕಡೆ ತಿರುಗಿದಳು. "ಮುಂದಿನ ವರ್ಷ ಕಾಗದ ಬರಿಬ್ಯಾಡ ತಮ್ಮಾ. ಸುಮ್ಮ ಬಾ" ಎಂದಳು. ಕಾಕಾ ಕೈ ಚಾಚಿದ. ಕೀಲಿಯನ್ನು ಅವನ ಉಡಿದಾರಕ್ಕೆ ನಾನೇ ಕಟ್ಟಿದೆ.