ಪಂಚರು ಸೀಟಿ ಊದದ ಕುಸ್ತಿ

೨೦೨೧ರ ಜನವರಿ. ಐರ್ಲೆಂಡಿನ ವಾಟರ್‌ಫರ್ಡ್‌ನ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿನಲ್ಲಿ ನಾನು ರಿಜಿಸ್ಟ್ರಾರ್, ಅಂದರೆ ತಜ್ಞವೈದ್ಯರ ಕೈಕೆಳಗಿನ ಡಾಕ್ಟರ್. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಹದಿನಾಲ್ಕು ವರ್ಷವಾಗಿತ್ತು. ಎಂಥ ಹಟಮಾರಿ ರೋಗಿಯನ್ನೂ ಒಪ್ಪಿಸಬಲ್ಲೆ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದವರು ಏಳನೇ ಬೆಡ್ಡಿನ ಹುಸೇನ್‌ಸಾಬರು.

ಗದಗಿನವರು, ಎಪ್ಪತ್ತೊಂದು ವರ್ಷ. ಮಗಳ ಮನೆಗೆ ಬಂದವರು ವಿಮಾನ ನಿಂತು ಇಲ್ಲೇ ಉಳಿದಿದ್ದರು. ಆಕ್ಸಿಜನ್ ಕೊಟ್ಟರೂ ಅವರ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ೮೬ ದಾಟುತ್ತಿರಲಿಲ್ಲ. ಉಳಿದ ಉಪಾಯ ಪ್ರೋನಿಂಗ್: ರೋಗಿಯನ್ನು ಗಂಟೆಗಟ್ಟಲೆ ಬೋರಲು ಮಲಗಿಸುವುದು. ಆಗ ಶ್ವಾಸಕೋಶದ ಹಿಂಭಾಗಕ್ಕೂ ಗಾಳಿಯಾಡುತ್ತದೆ. ಅದೂ ಆಗದಿದ್ದರೆ ವೆಂಟಿಲೇಟರ್. ಆ ವಯಸ್ಸಿನಲ್ಲಿ ಅಲ್ಲಿಂದ ಮರಳಿದವರನ್ನು ನಾನು ಹೆಚ್ಚು ಕಂಡಿರಲಿಲ್ಲ.

ಸಾಬರು ಐದೇ ನಿಮಿಷಕ್ಕೆ ಅಂಗಾತ ಹೊರಳುತ್ತಿದ್ದರು. ನಾನು ಶ್ವಾಸಕೋಶದ ಪಾಠ ಶುರುಮಾಡಿದೆ.

“ನಿಮ್ಮ ಪಾಠ ನಿಮಗಿರಲಿ ಡಾಕ್ಟರ್ರ. ಹಂಗ ಮಲಗಿದ್ರ ಜೀವ ಹಿಂಡತೈತಿ,” ಅಂದರು.

ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಮಧ್ಯಾಹ್ನ ನರ್ಸ್ ಈಫಾ ಟ್ಯಾಬ್ಲೆಟ್ ಹಿಡಿದು ಮಗಳು ಶಬಾನಾಗೆ ವಿಡಿಯೋ ಕಾಲ್ ಮಾಡಿಸಿದಳು. ಶಬಾನಾಳ ಹಿಂದಿನ ಗೋಡೆಯಲ್ಲೊಂದು ಫೋಟೋ: ಮೈಗೆಲ್ಲ ಕೆಮ್ಮಣ್ಣು, ಹೆಗಲ ಮೇಲೆ ಬೆಳ್ಳಿ ಗದೆ.

“ಯಾರದು?” ಎಂದೆ.

“ನಮ್ಮ ಅಬ್ಬಾ ರೀ. ದೊಡ್ಡ ಪೈಲ್ವಾನ್ ಇದ್ರು.”

ನನಗೆ ಮೈಸೂರಿನ ನಮ್ಮ ಬೀದಿಯ ಗರಡಿಮನೆ ನೆನಪಾಯಿತು. ಹುಡುಗಿಯರಿಗೆ ಒಳಗೆ ಪ್ರವೇಶವಿರಲಿಲ್ಲ. ಕಿಟಕಿಯಲ್ಲಿ ನೇತಾಡಿಕೊಂಡೇ ಎಲ್ಲ ಪಟ್ಟುಗಳನ್ನೂ ನೋಡಿದವಳು ನಾನು. ಕೆಳಗೆ ಬಿದ್ದ ಪೈಲ್ವಾನ ಮಣ್ಣಿಗೆ ಎದೆಯೊತ್ತಿ ಬೋರಲು ಬಿಗಿದುಕೊಳ್ಳುತ್ತಾನೆ. ಬೆನ್ನು ನೆಲಕ್ಕೆ ತಾಗಿದರೆ ಚಿತ್, ಸೋತ ಹಾಗೆ.

“ಪೈಲ್ವಾನರೇ, ಬೆನ್ನು ಹಾಸಿಗೆಗೆ ತಾಗಿದೆ. ಸೋತ್ರಾ?”

ಸಾಬರು ಕಣ್ಣು ಕೆಂಪಗೆ ಮಾಡಿದರು. “ಯಾರ ಕೂಡ ಸೋತೆ? ಎದುರಾಳಿ ಎಲ್ಲದಾನ?”

“ನಿಮ್ಮ ಎದೆಯ ಮೇಲೇ ಕೂತಿದ್ದಾನೆ. ಚಿತ್ ಮಾಡೋಕೆ ನೋಡ್ತಿದ್ದಾನೆ.”

ಅವರು ನನ್ನನ್ನೊಮ್ಮೆ ದಿಟ್ಟಿಸಿ, ಯಾರ ಸಹಾಯವೂ ಇಲ್ಲದೆ ಬೋರಲಾಗಿ ಮೊಣಕೈ ಊರಿದರು. ಎರಡು ಗಂಟೆ ಅಲುಗಲಿಲ್ಲ. ಸ್ಯಾಚುರೇಶನ್ ೯೧ಕ್ಕೆ ಬಂತು. ಹರ್ಲಿಂಗ್ ಎಂಬ ಐರಿಶ್ ಕೋಲು-ಚೆಂಡಿನ ಆಟದ ಹುಚ್ಚಿಯಾದ ಈಫಾಗೆ ಕುಸ್ತಿಯ ವಿಷಯ ತಿಳಿಸಿದೆ. “ಗ್ರ್ಯಾಂಡ್!” ಎಂದು ಕುಣಿದವಳೇ ನನ್ನಿಂದ “ಶಾಬಾಸ್ ಪೈಲ್ವಾನ್” ಕಲಿತಳು. ಮರುದಿನ ಇಡೀ ವಾರ್ಡೇ ಹಾಗೆ ಕೂಗುತ್ತಿತ್ತು. ಆ ಚಳಿಗಾಲದಲ್ಲಿ ನಾನು ಮನಸಾರೆ ನಕ್ಕಿದ್ದು ಅವತ್ತೇ. ಹನ್ನೊಂದನೇ ದಿನ ಸಾಬರು ಮನೆಗೆ ಹೋದರು.

ಮೂರು ವಾರದ ನಂತರ ವಿಚಾರಿಸಲು ಫೋನ್ ಮಾಡಿದೆ.

“ಉಸಿರು ಬರೋಬ್ಬರಿ ಐತ್ರೀ,” ಅಂದಳು ಶಬಾನಾ. “ಆದ್ರ ಅಬ್ಬಾ ಇನ್ನೂ ಬೋರಲನ ಮಲಗ್ತಾರ. ಕುತ್ತಿಗಿ ಹಿಡಕೊಂಡೈತಿ. ಹೇಳಿದ್ರ, ಪಂಚರು ಸೀಟಿ ಊದಿಲ್ಲ ಅಂತಾರ.”

ಪಂಚರೆಂದರೆ ಕುಸ್ತಿಯ ತೀರ್ಪುಗಾರರು. ಅಂದರೆ ನಾನು! ಗರಡಿಯ ಹೊಸ್ತಿಲನ್ನೂ ದಾಟದವಳಿಗೆ ಎಂಥ ಪದವಿ. ಫೋನನ್ನು ಸಾಬರ ಕಿವಿಗೆ ಹಿಡಿಯಲು ಹೇಳಿ, ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಸೀಟಿ ಹೊಡೆದೆ.

“ಕುಸ್ತಿ ಮುಗೀತು. ಗೆದ್ದವರು ಗದಗಿನ ಹುಸೇನ್‌ಸಾಬ್ ಪೈಲ್ವಾನರು!”

ಆಚೆಯಿಂದ ತೊಡೆ ತಟ್ಟಿದ ಸದ್ದು ಕೇಳಿಸಿತು.

ಚಿಕಿತ್ಸೆ ಶುರುವಾಗುವಾಗ ನೂರು ಮಾತಾಡುವ ನಾವು, ಅದು ಮುಗಿಯಿತೆಂದು ಹೇಳುವುದನ್ನು ಮರೆತುಬಿಡುತ್ತೇವೆ. ಅಂದಿನಿಂದ ನನ್ನ ಯಾವ ರೋಗಿಯನ್ನೂ ನಾನು ಸೀಟಿ ಊದದೆ ಮನೆಗೆ ಕಳಿಸಿಲ್ಲ.