ಎಡಬಾಗಿಲ ಟಾರ್ಚಕ್ಕ

ನನ್ನ ಅಕ್ಕನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವುದಕ್ಕಿಂತ ನಾಲ್ಕು ಮಕ್ಕಳನ್ನು ಒಟ್ಟಿಗೆ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವುದು ಸುಲಭ. ಒಂದೇ ಒಂದು ಸಲ ಹೋಗಿ ಬಂದೆ, ಸಾಕಪ್ಪಾ ಸಾಕು ಅನಿಸಿಬಿಟ್ಟಿತು.

ನಮ್ಮಕ್ಕ ಅಂದರೆ ಯಾರಿಗೂ ತಿಳಿಯುವುದಿಲ್ಲ, ಟಾರ್ಚಕ್ಕ ಅಂದರೆ ಇಡೀ ಬೀದಿಗೆ ಗೊತ್ತು. ಇಪ್ಪತ್ತಾರು ವರ್ಷ ಬಸ್ ಸ್ಟ್ಯಾಂಡ್ ಹಿಂದಿನ ಟಾಕೀಸಿನಲ್ಲಿ ಎಡಬಾಗಿಲು ಕಾದವಳು. ಟಿಕೆಟ್ ಹರಿಯುವುದು, ಟಾರ್ಚ್ ಬಿಟ್ಟು ಸೀಟು ತೋರಿಸುವುದು, ಮುಂದಿನ ಸೀಟಿನ ಮೇಲೆ ಕಾಲು ಹಾಕಿದವರಿಗೆ ಅದೇ ಟಾರ್ಚಿನಿಂದ ಒಂದು ತಟ್ಟುವುದು, ಆಟ ಮುಗಿಯುವ ಹೊತ್ತಿಗೆ ಬಾಗಿಲು ತೆಗೆಯುವುದು. ದಿನಕ್ಕೆ ನಾಲ್ಕು ಆಟ. ಊರಿನವರಿಗೆಲ್ಲ ಸಿನಿಮಾ ತೋರಿಸಿದ ಇವಳು ಡ್ಯೂಟಿಯಲ್ಲಿ ಒಂದು ಸಿನಿಮಾದ ಕೊನೆಯನ್ನೂ ಕಂಡವಳಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಟಾರ್ಚಿನ ಬುಡದಲ್ಲೂ ಅಷ್ಟೇ.

ಅದಕ್ಕೆ ಕಾರಣ ಆ ಹಾಳು ಬಾಗಿಲು. ಎಡಬಾಗಿಲು ತೆರೆದರೆ ನೇರ ಬಯಲು, ಹಗಲಾಟದಲ್ಲಿ ಬಿಸಿಲು ಸೀದಾ ಒಳಗೆ ನುಗ್ಗಿ ತೆರೆಯ ಮೇಲೆ ಬೀಳುತ್ತದೆ. ಹಾಗಂತ ತೆರೆಯದೆ ಇದ್ದರೆ ಆಟ ಬಿಟ್ಟ ಕೂಡಲೇ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇದಕ್ಕೆ ಅಕ್ಕ ಒಂದು ಉಪಾಯ ಮಾಡಿಕೊಂಡಿದ್ದಳು. ಕೊನೆಯ ಐದು ನಿಮಿಷ ಇದ್ದ ಹಾಗೆ ಬಾಗಿಲಿಗೂ ಅದರ ಮುಂದೆ ನೇತುಬಿದ್ದ ದಪ್ಪ ಕರಿ ಪರದೆಗೂ ನಡುವೆ ನುಸುಳುವುದು. ಪರದೆಯ ಎರಡೂ ಅಂಚನ್ನು ಒಂದರ ಮೇಲೊಂದು ತಂದು ಬೆನ್ನಿನಿಂದ ಒತ್ತಿ ಹಿಡಿಯುವುದು. ಆಮೇಲೆ ಚಿಲಕ ಮೆಲ್ಲಗೆ ತೆಗೆದು, ಬಾಗಿಲನ್ನು ಅರ್ಧ ಸರಿಸಿ, ಹಾಗೇ ನಿಲ್ಲುವುದು. ಒಳಗೆ ಒಂದು ಗೆರೆ ಬೆಳಕೂ ಬೀಳುತ್ತಿರಲಿಲ್ಲ. ಮುಖ ಬಾಗಿಲಿಗೆ, ಬೆನ್ನು ಸಿನಿಮಾಕ್ಕೆ. ಕೇಳಿಸುವುದೆಲ್ಲ ಕೇಳಿಸುತ್ತದೆ, ಕಾಣುವುದು ಬರೀ ಬಾಗಿಲು.

ಬೇರೆ ಸಿನಿಮಾಗಳಿಗೆಲ್ಲ ಅವಳು ತಲೆ ಕೆಡಿಸಿಕೊಂಡವಳಲ್ಲ. ಒಂದಕ್ಕೆ ಮಾತ್ರ ಗಂಟುಬಿದ್ದಳು. ಗಂಡ ಜೈಲು ಸೇರಿದ ಮೇಲೆ ಬಟ್ಟೆ ಇಸ್ತ್ರಿ ಮಾಡಿಕೊಂಡು ಏಳು ವರ್ಷ ಬದುಕು ನಡೆಸುವ ಹೆಂಗಸೊಬ್ಬಳ ಕಥೆ, ಕಪ್ಪುಬಿಳುಪು. ಆಗಲೇ ಹಳೆಯದಾಗಿದ್ದರೂ ಮತ್ತೆ ಹಾಕಿದಾಗ ಒಂಬತ್ತು ವಾರ ಓಡಿತು. ಆ ಒಂಬತ್ತು ವಾರ ಬಲಬಾಗಿಲಿನವಳು ಹೆರಿಗೆಗೆ ಹೋಗಿದ್ದರಿಂದ ಅಕ್ಕನಿಗೆ ಒಂದು ದಿನವೂ ರಜೆ ಇಲ್ಲ. ಕೊನೆಗೆ ಗಂಡ ಬರುತ್ತಾನೆ. “ಅಷ್ಟು ದೂರದಿಂದ ನಡ್ಕೊಂಡೇ ಬಂದ್ಯಾ?” ಅಂತ ಅವಳು ಕೇಳುತ್ತಾಳೆ. ಆಮೇಲೆ ಎರಡು ನಿಮಿಷ ಮಾತೇ ಇಲ್ಲ, ಬರೀ ಸಂಗೀತ. ಆಮೇಲೆ ಇಡೀ ಹಾಲು ಮೂಗು ಒರೆಸಿಕೊಳ್ಳುವ ಸದ್ದು. ಇನ್ನೂರೈವತ್ತು ಸಲ ಅಕ್ಕ ಇದನ್ನು ಬೆನ್ನಲ್ಲಿ ಕೇಳಿದ್ದಾಳೆ. ಆ ಎರಡು ನಿಮಿಷದಲ್ಲಿ ಏನಾಗುತ್ತೆ ಅಂತ ಹೊರಗೆ ಬಂದವರನ್ನು ಕೇಳಿದರೆ ಒಬ್ಬರು ಬೈತಾಳೆ ಅಂದರಂತೆ, ಒಬ್ಬರು ಅಳ್ತಾಳೆ ಅಂದರಂತೆ, ಇನ್ನೊಬ್ಬರು “ಅಯ್ಯೋ, ಅದನ್ನ ನೋಡೇ ನೋಡ್ಬೇಕು” ಅಂದರಂತೆ. ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದವರಿಗೆ ಏನು ಮಣ್ಣು ಕಾಣಿಸಿರುತ್ತೆ!

ನನಗೋ ಸಿನಿಮಾ ಅಂದರೆ ನಿದ್ದೆ. ನನ್ನದು ಝೆರಾಕ್ಸ್ ಅಂಗಡಿ. ಕತ್ತಲಲ್ಲಿ ಮೂರು ಗಂಟೆ ಕೂರುವ ಪುರುಸೊತ್ತು ಎಲ್ಲಿಂದ ಬರಬೇಕು? ಆದರೂ ಇವಳ ಗೋಳು ಕೇಳಲಾರದೆ ಹೋದ ವರ್ಷ ಆ ಸಿನಿಮಾವನ್ನು ಫೋನಿನಲ್ಲಿ ಹುಡುಕಿ ಮುಂದೆ ಹಿಡಿದೆ. “ನೋಡ್ಕೋ ಮಹಾತಾಯಿ, ಕೊನೆ ಐದು ನಿಮಿಷ ನೋಡಿ ಕೃತಾರ್ಥಳಾಗು.”

ಅವಳು ಮುಖ ತಿರುಗಿಸಿದಳು. “ಅಂಗೈಯಲ್ಲಿಟ್ಕೊಂಡು ನೋಡೋಕೆ ಅದೇನು ಗುಳಿಗೆಯೇನೇ? ನೋಡಿದ್ರೆ ನಮ್ಮ ತೆರೆ ಮೇಲೇ ನೋಡೋದು.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಫೋನು ಒಳಗಿಟ್ಟುಕೊಂಡೆ.

ಈ ವರ್ಷ ಟಾಕೀಸಿನವರು ಆ ದೊಡ್ಡ ಹಾಲನ್ನು ಒಡೆದು ನಾಲ್ಕು ಚಿಕ್ಕ ಹಾಲು ಮಾಡುತ್ತೇವೆ ಅಂದರು. ಒಡೆಯುವ ಮುಂಚೆ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ಒಂದೇ ಒಂದು ಆಟ, ಅದೇ ಸಿನಿಮಾ. ಅಕ್ಕ ರಿಟೈರ್ ಆಗಿ ನಾಲ್ಕು ವರ್ಷ. ನೋಡಿದರೆ ಅವತ್ತು ನೋಡಬೇಕು, ಇಲ್ಲವಾದರೆ ಆ ತೆರೆಯೇ ಇರುವುದಿಲ್ಲ. ನಾನು ಅಂಗಡಿಗೆ ಬೀಗ ಹಾಕಿ, ನಡುಸಾಲಿನಲ್ಲಿ ಎರಡು ಸೀಟು ಹಿಡಿದೆ. ಬಾಗಿಲು ಹತ್ತಿರ ಇರಲೇಬಾರದು ಅಂತ ಹೇಳಿ ಹಿಡಿದೆ.

ಏನು ಪ್ರಯೋಜನ? ದೀಪ ಆರಿತು, ಸಂಗೀತ ಶುರುವಾಯಿತು, ನಾಲ್ಕು ಜನ ತಡವಾಗಿ ಬಂದು ಕತ್ತಲಲ್ಲಿ ತಡಕಾಡಿದರು. ನಮ್ಮ ರಾಣಿ ಎದ್ದು ಹೋದಳು! “ಯಾವ ಸಾಲು? ತೋರಿಸಿ ಟಿಕೆಟು” ಅಂತ ಅವರನ್ನು ಕೂರಿಸಿ ಬಂದಳು. ಕೂತು ಐದು ನಿಮಿಷ ಆಗಿಲ್ಲ, ಇನ್ನೊಂದು ಗುಂಪು. ಮತ್ತೆ ಎದ್ದಳು. ನಾನು ತೋಳು ಹಿಡಿದೆಳೆದೆ.

“ನಿನಗೆ ಸಂಬಳ ಕೊಡ್ತಾರೇನೇ ಇನ್ನೂ?”

“ಎಡವಿ ಬೀಳ್ತಾರೆ ಕಣೇ.”

“ಬೀಳ್ಲಿ! ಮನೆಗೆ ಮಾರಿ, ಊರಿಗೆ ಉಪಕಾರಿ.”

ಹಿಂದಿನವರು ಶ್ ಅಂದರು. ನನಗೆ! ಎರಡು ಸಲ ಎದ್ದು ಓಡಾಡಿದ ಅವಳಿಗಲ್ಲ.

ಆಮೇಲೆ ಒಂದು ವಿಚಿತ್ರ ನಡೆಯಿತು, ಒಪ್ಪಿಕೊಂಡುಬಿಡುತ್ತೇನೆ. ನನಗೆ ನಿದ್ದೆ ಬರಲಿಲ್ಲ. ಆ ಹೆಂಗಸಿನ ಮುಖ ತೆರೆ ತುಂಬ ಬಂದು ನಿಂತಿತು ನೋಡಿ, ಮನೆಯಷ್ಟು ಎತ್ತರ. ಕಣ್ಣರೆಪ್ಪೆಯೇ ನನ್ನ ತೋಳಿನಷ್ಟುದ್ದ. ಇಸ್ತ್ರಿಪೆಟ್ಟಿಗೆಯ ಶಾಖಕ್ಕೆ ಅವಳ ಮೇಲ್ತುಟಿಯ ಬೆವರು ಹನಿಗಟ್ಟಿದ್ದು ಒಂದೊಂದೂ ಕಾಣುತ್ತಿತ್ತು. ಅವಳು ಉಸಿರು ಬಿಟ್ಟರೆ ಹಾಲಿನಲ್ಲಿದ್ದ ನಾನೂರು ಜನ ಉಸಿರು ಬಿಡುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಅಕ್ಕ ಕತ್ತಲಲ್ಲೇ ನನ್ನ ಕಡೆ ನೋಡಿ, “ಫೋನಲ್ಲಿ ತೋರಿಸ್ತಿದ್ದಳಂತೆ” ಅಂತ ಮೂತಿ ತಿರುವಿದಳು.

ಇಂಟರ್ವಲ್ಲಿಗೆ ಇನ್ನೂ ಎರಡು ನಿಮಿಷ ಇತ್ತು. ಎಡಬಾಗಿಲಲ್ಲಿ ಈಗಿರುವವನು, ದಪ್ಪ ಮೀಸೆಯ ನಲವತ್ತರ ಆಸಾಮಿ, ಪರದೆಯನ್ನು ಸರ್ರಂತ ಎಳೆದು ಬಾಗಿಲನ್ನು ಧಡಾರಂತ ತೆಗೆದ. ಬಿಸಿಲು ನುಗ್ಗಿತು. ತೆರೆಯ ಮೇಲಿದ್ದ ಆ ಮುಖ ಸುಣ್ಣ ಬಳಿದ ಗೋಡೆಯಾಗಿಹೋಯಿತು. ಯಾರೋ ಅಯ್ಯೋ ಅಂದರು. ಅಕ್ಕ ಹೆಡೆ ಎತ್ತಿದಳು.

ದೀಪ ಹತ್ತಿದ ಕೂಡಲೇ ಹೋಗಿ ಅವನನ್ನು ಹಿಡಿದುಕೊಂಡಳು. ಪರದೆ ಹೀಗೆ ಹಿಡೀಬೇಕು, ಬೆನ್ನು ಹೀಗೆ ಕೊಡಬೇಕು ಅಂತ ನಿಂತು ತೋರಿಸಿದಳು. ಅವನು ಆಕಳಿಸಿದ. “ಅಮ್ಮಾ, ಎಲ್ಲಾ ಆಟದಲ್ಲೂ ಹಿಂಗೇ ತೆಗೆಯೋದು. ಯಾರೂ ಏನೂ ಅಂದಿಲ್ಲ.”

ಅಲ್ಲಿಗೆ ಮುಗಿಯಿತು. ಎರಡನೇ ಅರ್ಧ ಪೂರ್ತಿ ಅವಳ ಒಂದು ಕಣ್ಣು ತೆರೆಯ ಮೇಲೆ, ಇನ್ನೊಂದು ಕಣ್ಣು ಆ ಮೀಸೆಯ ಮೇಲೆ. ನನಗೆ ತೊಡೆ ಚಿವುಟೋಣ ಅನಿಸುತ್ತಿತ್ತು. ಗಂಡ ಜೈಲಿಂದ ಹೊರಬಿದ್ದ, ಧೂಳು ಹೊದ್ದುಕೊಂಡು ನಡೆಯತೊಡಗಿದ. ನಾನು ಸೀಟಿನ ತುದಿಗೆ ಬಂದಿದ್ದೆ. ಆಗ ಅಕ್ಕ ಎದ್ದು ನಿಂತಳು.

“ಎಲ್ಲಿಗೇ?”

“ಅವನು ತೆಗೀತಾನೆ. ಈಗ ತೆಗೀತಾನೆ. ಎಲ್ಲಾ ಹಾಳಾಗುತ್ತೆ.”

“ತೆಗೆದ್ರೆ ತೆಗೀಲಿ! ಇಪ್ಪತ್ತಾರು ವರ್ಷ ಆಯ್ತಲ್ಲೇ, ಇವತ್ತೂ ಬಾಗಿಲೇ ನೋಡ್ತೀಯಾ?”

“ನಾನೂರು ಜನ ಇದಾರೆ ಕಣೇ. ಎಲ್ಲರಿಗೂ ಸುಣ್ಣದ ಗೋಡೆ ತೋರಿಸ್ತಾನೆ ಅವನು.” ಕೂತರೂ ಅವಳಿಗೆ ಕಾಣುವುದು ಸುಣ್ಣದ ಗೋಡೆ, ಎದ್ದು ಹೋದರೆ ಬಾಗಿಲು. ಕೈಗೆ ಬಂದ ತುತ್ತು ಬಾಯಿಗಿಲ್ಲ ಅಂದರೆ ಇದೇ.

ನನ್ನ ತಲೆ ಕೆಟ್ಟುಹೋಯಿತು. ಅವಳನ್ನು ಭುಜ ಹಿಡಿದು ಕೂರಿಸಿದೆ. “ನಾನು ಹೋಗ್ತೀನಿ. ನೀನು ಎದ್ದೆ ಅಂದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ.”

“ನಿನಗೆ ಬರಲ್ಲ ಅದು.”

“ಇಂಟರ್ವಲ್ಲಲ್ಲಿ ಊರಿಗೆಲ್ಲ ಪಾಠ ಮಾಡಿದ್ಯಲ್ಲ, ಕೇಳಿಸ್ಕೊಂಡಿದೀನಿ.”

“ಚಿಲಕ ಮೊದಲು ಮೇಲಕ್ಕೆತ್ತು, ಆಮೇಲೆ ಎಳಿ” ಅಂದಳು. ಕಣ್ಣು ಆಗಲೇ ತೆರೆಯ ಮೇಲಿತ್ತು.

ಹತ್ತು ಜನರ ಕಾಲು ತುಳಿದುಕೊಂಡು ಓಡಿದೆ. ಮೀಸೆಯವನು ಪರದೆಗೆ ಕೈ ಹಾಕಿದ್ದ. ಆ ಕೈಗೆ ಒಂದು ಕೊಟ್ಟೆ.

“ಯಾರಮ್ಮಾ ನೀವು?”

“ಟಾರ್ಚಕ್ಕನ ತಂಗಿ. ಮುಟ್ಟಿದ್ರೆ ನೋಡು.”

ಅವನು ಹಿಂದೆ ಸರಿದ. ನಾನು ನಡುವೆ ನುಸುಳಿ, ಅಂಚು ಸೇರಿಸಿ, ಬೆನ್ನು ಕೊಟ್ಟು ನಿಂತೆ. ಚಿಲಕ ಎತ್ತಿದೆ, ಎಳೆದೆ, ಬಾಗಿಲನ್ನು ಅರ್ಧ ಸರಿಸಿದೆ, ಸದ್ದಾಗಲಿಲ್ಲ. ಮೂಗಿನ ಮುಂದೆ ಹಸಿರು ಬಣ್ಣದ ಬಾಗಿಲು, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಹಣೆಯ ಎತ್ತರಕ್ಕೆ ಒಂದು ಕಡೆ ಮಾತ್ರ ಕಪ್ಪಗೆ ಜಿಡ್ಡುಗಟ್ಟಿತ್ತು. ಅದು ಯಾರ ಹಣೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು. ಇಷ್ಟು ವರ್ಷ ಅವಳು ಕೊನೆ ನೋಡಿಲ್ಲ ಅಂದಾಗಲೆಲ್ಲ ನಾನು ನಕ್ಕಿದ್ದೆ.

ಹಿಂದಿನಿಂದ ಆ ಹೆಂಗಸಿನ ದನಿ ಬಂತು. “ಅಷ್ಟು ದೂರದಿಂದ ನಡ್ಕೊಂಡೇ ಬಂದ್ಯಾ?”

ಆಮೇಲೆ ಸಂಗೀತ. ತಿರುಗಿ ನೋಡಬೇಕು ಅಂತ ಕತ್ತು ಎಳೆಯುತ್ತಿತ್ತು. ಒಂದು ಚೂರು ತಿರುಗಿದರೆ ಸಾಕು, ಪರದೆ ಬಿಡುತ್ತದೆ, ಅವಳ ತೆರೆಯ ಮೇಲೆ ಬಿಸಿಲು ಬೀಳುತ್ತದೆ. ತಿರುಗಲಿಲ್ಲ. ಆ ಎರಡು ನಿಮಿಷದಷ್ಟು ಉದ್ದದ ಎರಡು ನಿಮಿಷ ನನ್ನ ಜನ್ಮದಲ್ಲಿ ಬಂದಿಲ್ಲ. ಆಮೇಲೆ ನಾನೂರು ಮೂಗುಗಳ ಸದ್ದು ಕೇಳಿಸಿತು, ದೀಪ ಹತ್ತಿತು, ಜನ ನನ್ನನ್ನು ತಳ್ಳಿಕೊಂಡು ಹೊರಗೆ ಹರಿದರು.

ಅಕ್ಕ ಎಲ್ಲರಿಗಿಂತ ಕೊನೆಗೆ ಬಂದಳು. ಮುಖ ಒರೆಸಿಕೊಂಡಿರಲಿಲ್ಲ.

“ಒಂದು ಗೆರೆ ಬೆಳಕೂ ಬೀಳಲಿಲ್ಲ” ಅಂದಳು.

“ಅದಿರ್ಲಿ! ಏನಾಯ್ತು? ಬೈದಳಾ? ಅತ್ತಳಾ? ಹೇಳೇ ಬೇಗ.”

“ನಗ್ತಾಳೆ ಕಣೇ. ಇಷ್ಟು ವರ್ಷ ಅಳ್ತಾಳೆ ಅಂದ್ಕೊಂಡು ನಿಂತಿದ್ದೆ ನಾನು.”

“ನಗ್ತಾಳಾ? ಹೆಂಗೆ?”

ಜನ ಓಡಾಡುವ ಬಾಗಿಲಲ್ಲಿ, ಬಿಸಿಲಲ್ಲಿ ನಿಂತು, ಅರವತ್ತೆರಡರ ನಮ್ಮಕ್ಕ ತುಟಿ ಒಂದಿಷ್ಟು ಬಿಚ್ಚಿದಳು, ಮುಚ್ಚಿದಳು, ಗಲ್ಲ ಮೇಲಕ್ಕೆತ್ತಿದಳು, ಮತ್ತೆ ಮೊದಲಿಂದ ಶುರುಮಾಡಿದಳು. ಮೂರು ಸಲ ಪ್ರಯತ್ನಪಟ್ಟು ಕೈ ಚೆಲ್ಲಿದಳು.

“ಊಹೂಂ, ನನಗೆ ಬರ್ತಿಲ್ಲ. ಅದು ತುಂಬ ದೊಡ್ಡದು ಕಣೇ.”