ಮರಿಯಯ್ಯನ ಎರಡು ಬೆರಳು

ಬಾಬುರಾಯನಕೊಪ್ಪಲಿನಲ್ಲಿ ಹಾಸಿಗೆ ಹಿಡಿದವರ ಜೀವ ಹೋಗಿದೆಯೋ ಇದೆಯೋ ಎಂದು ಅನುಮಾನ ಬಂದರೆ ಮರಿಯಯ್ಯನಿಗೆ ಹೇಳಿಕಳಿಸುತ್ತಿದ್ದರು. ಅವನು ಬಂದು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಏನೂ ಹೇಳದೆ ಎದ್ದು ಹೋಗುವವರೆಗೆ ಹೆಂಗಸರು ಅಳುವ ಹಾಗಿರಲಿಲ್ಲ. "ಅದೆ" ಅಂದರೆ ಮತ್ತೆ ಗಂಜಿ ಕಾಯಿಸುತ್ತಿದ್ದರು.

ಮೈಸೂರು ರಸ್ತೆಯ ನಮ್ಮ ಆಸ್ಪತ್ರೆಯಲ್ಲೂ ಅವನಿಗೆ ಅದೇ ಮರ್ಯಾದೆ. ಅವನು ಆಪರೇಷನ್ ಥಿಯೇಟರಿನ ಅಟೆಂಡರು, ನಾನು ಅಲ್ಲೇ ನರ್ಸು. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ದೊಡ್ಡ ಆಪರೇಷನ್ನಿದ್ದರೆ ರೋಗಿಯ ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕುತ್ತಾರೆ, ಆಗ ಬಿ.ಪಿ. ಪ್ರತಿ ಬಡಿತಕ್ಕೂ ತೆರೆಯ ಮೇಲೆ ಕಾಣುತ್ತದೆ. ನಾಡಿ ಸಣ್ಣಗಿದ್ದರೆ ಆ ನಾಳ ಸಿಗುವುದಿಲ್ಲ. ಆಗ ಡಾಕ್ಟರುಗಳೇ ಮರಿಯಯ್ಯನನ್ನು ಕರೆಯುತ್ತಿದ್ದರು. ಅವನು ಕಣ್ಣು ಮುಚ್ಚಿ, ಬೆರಳಿಟ್ಟು, ಬಡಿತಕ್ಕೆ ಸರಿಯಾಗಿ ಬಲಗಾಲಲ್ಲಿ ನೆಲ ತಟ್ಟುತ್ತಾ ನಿಲ್ಲುತ್ತಿದ್ದ. "ಇಲ್ಲಿ ಚುಚ್ಚಿ ಸಾ" ಎಂದು ಪೆನ್ನಿನಲ್ಲಿ ಚುಕ್ಕೆ ಇಟ್ಟರೆ ಮುಗಿಯಿತು, ಸೂಜಿಗೆ ರಕ್ತ ಚಿಮ್ಮುತ್ತಿತ್ತು. ಏಳನೇ ಕ್ಲಾಸು ಓದಿದವನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದವರು ನಾವೇ.

ತೊಂಬತ್ತೆಂಟರಲ್ಲಿ ಪಾಂಡವಪುರದ ಕಡೆಯ ಡಾಕ್ಟರ್ ಶಿವಶಂಕರ್ ಅರಿವಳಿಕೆ ಕೊಡಲು ಬಂದರು. ನಾಡಿ ಸಿಗದಿದ್ದರೆ ಅವರು ಹೆರಿಗೆ ವಾರ್ಡಿನ ಸ್ಕ್ಯಾನ್ ಮಿಷನ್ ತರಿಸುತ್ತಿದ್ದರು. ಮಣಿಕಟ್ಟಿಗೆ ಜೆಲ್ಲಿನ ಅಂಟು ಬಳಿದು ಮಿಷನ್ನಿನ ಹಿಡಿ ಒತ್ತಿದರೆ ತೆರೆಯ ಮೇಲೆ ಒಂದು ಕಪ್ಪು ಚುಕ್ಕೆ ಮಿಡಿಯುತ್ತಿತ್ತು. ಅದನ್ನು ನೋಡಿಕೊಂಡೇ ಚುಚ್ಚುತ್ತಿದ್ದರು.

"ಬಸ್ರೀರ್ ಒಟ್ಟೆ ನೋಡೋ ಮಿಸೀನ್ ತಂದು ಕೈ ನೋಡ್ತಾವ್ರಲ್ಲ ಸಿಸ್ಟ್ರೆ, ಕೈಯೇನ್ ಬಸ್ರಾಗದಾ?" ಅಂದಿದ್ದ ಮರಿಯಯ್ಯ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು.

ಆ ಆಷಾಢದಲ್ಲೇ ಅವನ ಹೆಂಡತಿ ಪುಟ್ಟತಾಯಮ್ಮನನ್ನು ತಂದರು. ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು. ಆ ನೋವಿನಲ್ಲೂ ಕೈ ಹಿಂದಕ್ಕೆಳೆದುಕೊಂಡು, "ಬಳೆ ಮಾತ್ರ ಬಿಚ್ಬ್ಯಾಡಿ ಕನವ್ವ, ಅವ್ರಿಗಾಗಕಿಲ್ಲ" ಎಂದಳು. ಬಳೆಗಳನ್ನು ಮೊಣಕೈಯತ್ತ ಸರಿಸಿ ಬಟ್ಟೆ ಸುತ್ತಿದೆ.

ಮನೆಯವರನ್ನು ಥಿಯೇಟರಿನೊಳಗೆ ಬಿಡಬಾರದೆಂಬುದು ನಿಯಮ. ಮರಿಯಯ್ಯ ಮನೆಯವನೆಂದು ಆ ದಿನ ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ತೋಳಿಗೆ ಪಟ್ಟಿ ಕಟ್ಟಿದರೆ ಬಿ.ಪಿ. ತೋರಿಸಲಿಲ್ಲ. ಡಾಕ್ಟರು ಸ್ಕ್ಯಾನ್ ಮಿಷನ್ ತನ್ನಿ ಎಂದರು. ಮರಿಯಯ್ಯ ಅಡ್ಡ ನಿಂತ.

"ಬ್ಯಾಡಿ ಸಾ. ಇಪ್ಪತ್ತೆರಡ್ ವರ್ಸದಿಂದ ಇಡ್ದಿರೋ ಕೈ. ನಂಗ್ ಗೊತ್ತಿಲ್ವಾ?"

ಬೆರಳಿಟ್ಟ. ಮುಖ ಅರಳಿತು. "ಅದೆ ಸಾ! ಗಟ್ಯಾಗದೆ!" ಕಾಲು ನೆಲ ತಟ್ಟತೊಡಗಿತು.

ನಾನು ಆ ಕಾಲನ್ನು ನೋಡಿದೆ. ಅವಳ ಎದೆಬಡಿತ ತೋರಿಸುವ ಮಾನಿಟರಿನ ಸದ್ದು ಅವಸರವಾಗಿ ಓಡುತ್ತಿತ್ತು. ಅವನ ಕಾಲು ಹಿಂದೆ ಬೀಳುತ್ತಿತ್ತು. ಎರಡೂ ಕೂಡಲಿಲ್ಲ. ಕಣ್ಣಾರೆ ನೋಡಿಯೂ, ಪಾಪ, ಗಾಬರಿಯಲ್ಲಿದ್ದಾನೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಚುಕ್ಕೆ ಇಟ್ಟಲ್ಲಿ ಚುಚ್ಚಿದರೆ ರಕ್ತ ಬರಲಿಲ್ಲ. "ಇಲ್ಲೇ ಅದೆ ಸಾ, ಒಡ್ಕತಾ ಅದೆ" ಅಂದ. ಮತ್ತೆ ಚುಚ್ಚಿದರು. ಇನ್ನೊಂದು ಕೈಗೂ ಚುಚ್ಚಿದರು. ನಾಡಿ ಗಟ್ಟಿಯಾಗಿದೆ ಎಂಬ ಅವನ ಮಾತು ನಂಬಿ, ಬಿ.ಪಿ. ಏರಿಸುವ ಮದ್ದನ್ನೂ ತಡ ಮಾಡಿದರು. ಕಾಲು ಗಂಟೆ ಹೋಯಿತು. ಕೊನೆಗೆ ನಾನೇ ಓಡಿಹೋಗಿ ಮಿಷನ್ ತಳ್ಳಿಕೊಂಡು ಬಂದೆ. ಅವನು ತೋರಿಸಿದ ಜಾಗದ ಪಕ್ಕದಲ್ಲಿ ಕಪ್ಪು ಚುಕ್ಕೆ ಕಂಡೂ ಕಾಣದ ಹಾಗೆ ಅಲುಗುತ್ತಿತ್ತು. ಕೊಳವೆ ಒಳಗೆ ಹೋಯಿತು. ತೆರೆಯ ಮೇಲೆ ಬಂದ ಬಿ.ಪಿ. ನಲವತ್ತು.

ಎರಡನೇ ದಿನ ಮಧ್ಯಾಹ್ನ ಪುಟ್ಟತಾಯಮ್ಮ ಹೋದಳು, ಕೈತುಂಬ ಬಳೆಯಿದ್ದ ಹಾಗೇ. ಬರುವಾಗಲೇ ತಡವಾಗಿತ್ತು, ಹೇಗೂ ಉಳಿಯುತ್ತಿರಲಿಲ್ಲವೇನೋ ಎಂದರು ಡಾಕ್ಟರು. ಇದ್ದರೂ ಇರಬಹುದು. ನನ್ನೊಬ್ಬಳಿಗೆ ಮಾತ್ರ ಇನ್ನೊಂದು ಮಾತು ಹೇಳಿದರು: ಹೆದರಿ ಎದೆ ಜೋರಾಗಿ ಹೊಡೆದುಕೊಳ್ಳುವಾಗ ನಮ್ಮ ಬೆರಳ ತುದಿಯ ನಾಡಿಯೇ ನಮಗೆ ಸಿಗುತ್ತದಂತೆ. ನಾನು ಅದನ್ನು ಮರಿಯಯ್ಯನಿಗೆ ಹೇಳಲಿಲ್ಲ.

ತಿಥಿ ಕಳೆದು ಕೆಲಸಕ್ಕೆ ಬಂದವನು ಮತ್ತೆ ಯಾರ ಕೈಯನ್ನೂ ಮುಟ್ಟಲಿಲ್ಲ. ಕೊಪ್ಪಲಿನವರು ಕರೆದರೂ ಹೋಗಲಿಲ್ಲ. ಡಾಕ್ಟರು ಕೇಳುವ ಮೊದಲೇ ಮಿಷನ್ ತಂದು ನಿಲ್ಲಿಸುತ್ತಿದ್ದ. ಒಂದು ದಿನ ಕೇಸು ಮುಗಿದ ಮೇಲೆ ಅಂಗಿಯ ತೋಳು ಮಡಿಸಿ ಕೈ ಚಾಚಿದ.

"ಸಾ, ಮಿಸೀನ್ನ ನನ್ನ್ ಕೈ ಮ್ಯಾಲೊಂದ್ಸಲ ಮಡ್ಗಿ."

ಡಾಕ್ಟರು ನನ್ನ ಮುಖ ನೋಡಿದರು. ಇಟ್ಟರು. ಕಪ್ಪು ಚುಕ್ಕೆ ಭದ್ರವಾಗಿ ಮಿಡಿಯಿತು. ಮರಿಯಯ್ಯ ನೋಡುತ್ತಾ ನಿಂತ. ಅವನ ಬಲಗಾಲು ತಾನಾಗಿಯೇ ನೆಲ ತಟ್ಟತೊಡಗಿತು, ಈ ಸಲ ಚುಕ್ಕೆಗೆ ಸರಿಯಾಗಿ. ಗೊತ್ತಾಗಿ ಕಾಲು ನಿಲ್ಲಿಸಿದ.

"ಅವತ್ತು ನಂಗ್ ಸಿಕ್ಕಿದ್ದು ಇದೇ ಅಲ್ವಾ ಸಾ?"

ಡಾಕ್ಟರು ತಲೆ ತಗ್ಗಿಸಿದರು. ಅಲ್ಲ ಎಂದು ಸುಳ್ಳು ಹೇಳಬೇಕೆಂದಿದ್ದ ನಾನು, ಒರೆಸಿಕೊಳ್ಳಲು ಹತ್ತಿ ಚಾಚಿದೆ.

"ಅವ್ಳು ಓಯ್ತಾ ಇದ್ಲು ಸಿಸ್ಟ್ರೆ," ಅಂದ, ಮಣಿಕಟ್ಟಿನ ಅಂಟನ್ನು ಅಂಗಿಗೆ ಒರೆಸಿಕೊಳ್ಳುತ್ತಾ. "ನಾನು ನನ್ನೇ ಇಡ್ಕಂಡು, ಅವ್ಳೆ, ಬದ್ಕವ್ಳೆ ಅಂತ ಕುಸೀಲಿ ನಿಂತಿದ್ದೆ."

ಆಮೇಲೆ ಮಿಷನ್ನಿನ ವೈರು ಸುತ್ತಿ, ಅದನ್ನು ಹೆರಿಗೆ ವಾರ್ಡಿಗೆ ತಳ್ಳಿಕೊಂಡು ಹೋದ.